ರಾತ್ರಿ ಹಾರುವ ವಲಸೆ ಹಕ್ಕಿಗಳ ಕೂಗು: ಕೇಳಿದವರು ಅನುಭವ ಹೇಳಿ

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ವಲಸೆ ಹಕ್ಕಿಗಳು ರಾತ್ರಿ ಕೂಗುತ್ತಾ ಹಾರುತ್ತವೆ ಎಂದು ಓದಿ ಹಿತ್ತಿಲಲ್ಲಿ ನಿಂತು ನೋಡಿದೆ. ಜೀರುಂಡೆ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಯಾವ ಹೊತ್ತಿಗೆ ನಿಲ್ಲಬೇಕು? ಮೈಕ್ ಇಲ್ಲದೆ ಆಗುವುದಿಲ್ಲವೇ?

ಉತ್ತರ 1: ಮೈಕ್ ವಿಚಾರ ಆಮೇಲೆ, ಮೊದಲು ರಾತ್ರಿಯನ್ನು ಸರಿಯಾಗಿ ಆರಿಸಿಕೊಳ್ಳಿ. 1896ರ ಸೆಪ್ಟೆಂಬರ್‌ನ ಒಂದು ರಾತ್ರಿ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಬಳಿ ಓರಿನ್ ಲಿಬ್ಬಿ ಎಂಬವರು ಬರಿಗಿವಿಯಲ್ಲೇ 3,800 ಕೂಗು ಎಣಿಸಿದ್ದರು.

ಸೆಕೆಯಿದ್ದು ದಕ್ಷಿಣದ ಗಾಳಿ ಬೀಸುವ ರಾತ್ರಿ ನಿಂತರೆ ಜೀರುಂಡೆಯೇ ಗತಿ. ಮಳೆ ಬಂದು ಹೋಗಿ, ಗಾಳಿ ಉತ್ತರದಿಂದಲೋ ವಾಯವ್ಯದಿಂದಲೋ ಬೀಸತೊಡಗಿ, ಮೈಗೆ ಚಳಿ ತಾಕಿತೆಂದರೆ ಆ ರಾತ್ರಿ ಬಿಡಬೇಡಿ. ಹಿಂದಿನಿಂದ ತಳ್ಳುವ ಆ ಗಾಳಿಗಾಗಿಯೇ ದಕ್ಷಿಣಕ್ಕೆ ಹೊರಟ ಹಕ್ಕಿಗಳು ಕಾದಿರುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದವರ ಬರ್ಡ್‌ಕ್ಯಾಸ್ಟ್ ಜಾಲತಾಣದಲ್ಲಿ ಆ ರಾತ್ರಿಯ ಮುನ್ಸೂಚನೆ, ರಾಡಾರ್‌ನಲ್ಲಿ ಕಂಡ ಹಾರಾಟದ ನಕ್ಷೆ ಎರಡೂ ಸಿಗುತ್ತವೆ. ಸಂಜೆ ಒಮ್ಮೆ ನೋಡಿಕೊಂಡು ಅಲಾರಂ ಇಡಿ.

ಅಲಾರಂ ಯಾಕೆಂದರೆ, ಹಕ್ಕಿಗಳು ಹೊರಡುವುದು ಕತ್ತಲಾದ ಮೇಲಾದರೂ ನನಗೆ ಹೆಚ್ಚು ಸಿಕ್ಕಿರುವುದು ಬೆಳಗಿನ ಜಾವ 4ರ ನಂತರ. ಇಳಿಯಲೆಂದು ತಗ್ಗಿ ಬರುವ ಥ್ರಷ್ ಎಂಬ ಹಾಡುಹಕ್ಕಿಗಳು ಆಗ ತಲೆಯ ಮೇಲೇ ಕೂಗುತ್ತವೆ. ಮೋಡ ಕೆಳಗಿದ್ದರೆ ಇನ್ನೂ ಒಳ್ಳೆಯದು.

ಮೊದಲು ಸ್ವೇನ್ಸನ್ಸ್ ಥ್ರಷ್‌ನ ಕೂಗು ಕಲಿಯಿರಿ. ಒಂದೇ ಒಂದು ‘ಹ್ವೀಪ್’, ಪುಟ್ಟ ಕಪ್ಪೆಯೊಂದು ಆಕಾಶದಿಂದ ಕೂಗಿದ ಹಾಗೆ. ಹಾಡಿನಂತೆ ಮುಂದುವರಿಯುವುದಿಲ್ಲ, ಕ್ಷಣದಲ್ಲಿ ಮುಗಿದೇ ಹೋಗುತ್ತದೆ. ಇನ್ನೊಂದಕ್ಕೆ ಕೆಲವೊಮ್ಮೆ ನಿಮಿಷಗಟ್ಟಲೆ ಕಾಯಬೇಕು, ಹೊಸಬರು ಬೇಸತ್ತು ಒಳಗೆ ಹೋಗುವುದು ಇಲ್ಲೇ. ವೀರಿ ಎಂಬ ಥ್ರಷ್‌ನ ಕೂಗು ಮೇಲಿಂದ ಕೆಳಕ್ಕೆ ಜಾರುತ್ತದೆ, ಅದು ಸೆಪ್ಟೆಂಬರ್ ಮೊದಲ ಭಾಗದ ಹಕ್ಕಿ. ವಾರ್ಬ್ಲರ್, ಸ್ಪ್ಯಾರೋ ಎಂಬ ಪುಟ್ಟ ಹಕ್ಕಿಗಳ ‘ಟ್ಸಿಪ್’ ತೀರ ತೆಳು. ಅವುಗಳ ಹೆಸರು ಹಿಡಿಯುವ ಹಠ ಈ ವರ್ಷ ಬೇಡ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಕೆಲಸಕ್ಕೆ ಹೋಗುವವರು ದಿನಾ 4ಕ್ಕೆ ಏಳುವುದು ಕಷ್ಟ. ಹಕ್ಕಿಗಳ ರಾತ್ರಿ ಕೂಗನ್ನು ಅಧ್ಯಯನ ಮಾಡುವ ಬಿಲ್ ಇವಾನ್ಸ್ ರೂಢಿಗೆ ತಂದ ಉಪಾಯವೊಂದಿದೆ: ಪ್ಲಾಸ್ಟಿಕ್ ಹೂವಿನ ಕುಂಡದೊಳಗೆ ಮೈಕ್ ಅನ್ನು ಆಕಾಶಕ್ಕೆ ಮುಖ ಮಾಡಿ ಕೂರಿಸಿ, ಬಾಯಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯುವುದು. ಮಂಜು ಒಳಗಿಳಿಯುವುದಿಲ್ಲ, ಅಕ್ಕಪಕ್ಕದ ಸದ್ದೂ ಅಷ್ಟಿಷ್ಟು ಕಡಿಮೆಯಾಗುತ್ತದೆ. ರೆಕಾರ್ಡಿಂಗ್ ಪೂರ್ತಿ ಕೇಳುತ್ತಾ ಕೂರಬೇಡಿ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ಸದ್ದನ್ನು ಚಿತ್ರವಾಗಿ ತೋರಿಸುವ ನೋಟ) ತೆರೆದರೆ ಜೀರುಂಡೆಯ ಸದ್ದು ಉದ್ದಕ್ಕೂ ಪಟ್ಟಿಯಾಗಿ ಕಾಣುತ್ತದೆ. ಥ್ರಷ್‌ಗಳು ಅದರ ಕೆಳಗೆ, ಸುಮಾರು 3,000 ಹರ್ಟ್ಸ್ ಆಸುಪಾಸಿನಲ್ಲಿ, ಚಿಕ್ಕ ಗೀರುಗಳಾಗಿ ಸಿಗುತ್ತವೆ. ವಾರ್ಬ್ಲರ್‌ಗಳದು 6,000ಕ್ಕೂ ಮೇಲೆ. ಅಕ್ಟೋಬರ್ ಚಳಿಗೆ ಜೀರುಂಡೆ ತಣ್ಣಗಾದ ಮೇಲೆ ಕೆಲಸ ಸುಲಭ.

ಉತ್ತರ 3: ದೀಪದ ಮಾತು ಯಾರೂ ಎತ್ತಲಿಲ್ಲ. ಸೆಪ್ಟೆಂಬರ್ 11ರ ನೆನಪಿಗೆ ನ್ಯೂಯಾರ್ಕ್‌ನಲ್ಲಿ ಆಕಾಶಕ್ಕೆ ಹರಿಸುವ ಬೆಳಕಿನ ಕಂಬಗಳಿಗೆ ಸಿಕ್ಕಿ ಹಕ್ಕಿಗಳು ಸುತ್ತುತ್ತಲೇ ಇರುತ್ತವೆ, ಕೂಗೂ ಜಾಸ್ತಿ. ಬಹಳ ಸೇರಿದಾಗ ಸುಮಾರು 20 ನಿಮಿಷ ದೀಪ ಆರಿಸಿ ಅವುಗಳನ್ನು ಬಿಡಿಸುತ್ತಾರೆ. ಬೆಂಗಳೂರಿನಲ್ಲೂ ಅಕ್ಟೋಬರ್ ಹೊತ್ತಿಗೆ ರಾತ್ರಿ ಹಾರಿ ಬಂದ ನವರಂಗ ಹಕ್ಕಿ (ಇಂಡಿಯನ್ ಪಿಟ್ಟಾ) ಸುಸ್ತಾಗಿ ಮನೆಯಂಗಳದಲ್ಲಿ ಕೂತಿರುವುದುಂಟು. ಮೊದಲೇ ದಣಿದ ಹಕ್ಕಿಗಳನ್ನು ದೀಪ ಇನ್ನೂ ಸುತ್ತಿಸುತ್ತದೆ, ಹಾಗಾಗಿ ಕೂಗು ಹೆಚ್ಚು ಕೇಳಲೆಂದು ದೀಪದ ಕೆಳಗೆ ಹೋಗಿ ನಿಲ್ಲಬೇಡಿ. ಹಿತ್ತಿಲಿನ ಲೈಟು ಆರಿಸಿ, ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ.