ಅಣಕು ಮತದಾನ ಆದಮೇಲೆ ಯಂತ್ರ ಖಾಲಿ ಮಾಡುವ ಸರಿಯಾದ ಕ್ರಮ ಹೇಳಿ

ಮೂಡಿಗೆರೆ ಟೀಚರ್:
ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೊದಲ ಸಲ ಪಿಆರ್‌ಓ (ಮತಗಟ್ಟೆಯ ಪ್ರಿಸೈಡಿಂಗ್ ಆಫೀಸರ್) ಡ್ಯೂಟಿ ಬಂದಿದೆ. ಮತಗಟ್ಟೆ ಯಾವುದು ಅಂತ ಮಸ್ಟರಿಂಗ್ (ಯಂತ್ರ, ಸಾಮಗ್ರಿ ಹಂಚುವ) ದಿನವೇ ಗೊತ್ತಾಗೋದು. ಅಣಕು ಮತ ಹಾಕಿಸಿದ ಮೇಲೆ ಯಾವ ಬಟನ್ ಮೊದಲು? ಮಲೆನಾಡಿನ ಒಳಗಿನ ಊರು ಸಿಕ್ಕಿ, ಕರೆಂಟ್ ಹೋದರೆ ಏನು ಗತಿ? ವಿವಿಪ್ಯಾಟ್ (ಮತ ಯಾರಿಗೆ ಅಂತ ಚೀಟಿ ಮುದ್ರಿಸುವ ಯಂತ್ರ) ಕೆಟ್ಟರೆ ಪೂರ್ತಿ ಸೆಟ್ ಬದಲಿಸಬೇಕಾ?

ತರೀಕೆರೆ ಮಾಸ್ಟರ್ ಟ್ರೈನರ್:
ಮೇಡಂ, 7ಕ್ಕೆ ಮತದಾನ ಅಂದರೆ 5.30ಕ್ಕೆ ಅಣಕು ಮತದಾನ ಶುರುವಾಗಬೇಕು. ಅಭ್ಯರ್ಥಿಗಳ ಏಜೆಂಟರು ಬಂದಿಲ್ಲ ಅಂದರೆ 15 ನಿಮಿಷ ಕಾಯಿರಿ, ಅದಕ್ಕಿಂತ ಹೆಚ್ಚು ಬೇಡ. ನೋಟಾ ಸೇರಿ ಎಲ್ಲರಿಗೂ ಬೀಳುವ ಹಾಗೆ ಕನಿಷ್ಠ 50 ಮತ. ಯಾರಿಗೆ ಎಷ್ಟು ಹಾಕಿದಿರಿ ಅಂತ ಹಾಳೆಯಲ್ಲಿ ಬರೆಯುತ್ತಾ ಹೋಗಿ.

ಆಮೇಲೆ ಕಂಟ್ರೋಲ್ ಯೂನಿಟ್‌ನಲ್ಲಿ (ಮತ ದಾಖಲಾಗುವ, ನಿಮ್ಮ ಬಳಿ ಇರುವ ಯಂತ್ರ) ಕ್ಲೋಸ್, ರಿಸಲ್ಟ್, ಕ್ಲಿಯರ್ ಬಟನ್. ಈ ಕ್ರಮ ತಪ್ಪಿದರೆ ಯಂತ್ರವೇ ಒಪ್ಪುವುದಿಲ್ಲ. ಎಡವಟ್ಟಾಗುವುದು ರಿಸಲ್ಟ್ ತಾಳೆ ಆಯ್ತು ಅಂತ ಕ್ಲಿಯರ್ ಒತ್ತದೆ ಎದ್ದಾಗ. ಕ್ಲಿಯರ್ ಆದಮೇಲೆ ಟೋಟಲ್ ಒತ್ತಿ, ಸೊನ್ನೆ ಬಂದದ್ದನ್ನು ಏಜೆಂಟರಿಗೆ ತೋರಿಸಿ. ವಿವಿಪ್ಯಾಟ್ ಡಬ್ಬದ ಚೀಟಿಗಳನ್ನೂ ತೆಗೆದು ಎಣಿಸಿ, ಹಿಂಬದಿಗೆ ಮಾಕ್ ಪೋಲ್ ಮೊಹರು ಹೊಡೆದು, ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಿ. ಯಂತ್ರ ಆನ್ ಆದಾಗ ಬಿದ್ದ 7 ಪರೀಕ್ಷಾ ಚೀಟಿಗಳೂ ಆ ಡಬ್ಬದಲ್ಲೇ ಇರುತ್ತವೆ, ಮರೆಯಬೇಡಿ.

ಕ್ಲಿಯರ್ ಒತ್ತುವುದನ್ನು ಬಿಟ್ಟು ಅಸಲಿ ಮತದಾನ ನಡೆಸಿದರೆ ಎಣಿಕೆ ದಿನ ಆ ಕಂಟ್ರೋಲ್ ಯೂನಿಟ್ ಪಕ್ಕಕ್ಕೆ ಹೋಗುತ್ತದೆ. ನಿಮ್ಮ ಮತಗಟ್ಟೆಯ ಜನ ದಿನವಿಡೀ ಸಾಲಲ್ಲಿ ನಿಂತು ಹಾಕಿದ ಮತ ಅದು.

ಕಡೂರು ಸೆಕ್ಟರ್ ಅಧಿಕಾರಿ:
ಕರೆಂಟಿನ ಚಿಂತೆ ಬಿಡಿ, ಕಂಟ್ರೋಲ್ ಯೂನಿಟ್, ಬ್ಯಾಲೆಟ್ ಯೂನಿಟ್ (ಮತದಾರರು ಬಟನ್ ಒತ್ತುವುದು), ವಿವಿಪ್ಯಾಟ್ ಮೂರೂ ಬ್ಯಾಟರಿ ಮೇಲೆ ನಡೆಯುತ್ತವೆ. ವಿವಿಪ್ಯಾಟ್‌ಗೆ ತೊಂದರೆ ಬೆಳಕಿನದು. ನೆತ್ತಿಯ ಮೇಲೆ ಬಲ್ಬ್ ಇದ್ದರೆ, ಕಿಟಕಿ ಬಿಸಿಲು ನೇರ ಬಿದ್ದರೆ ಒಳಗಿನ ಸೆನ್ಸರ್ ತಪ್ಪು ಓದಿ ಎರರ್ ಕೊಡುತ್ತದೆ. ಬೆಳಗಿನ ಕತ್ತಲಲ್ಲಿ ಜಾಗ ಆರಿಸುವಾಗಲೇ ಹತ್ತು ಗಂಟೆಯ ಬಿಸಿಲು ಎಲ್ಲಿಗೆ ಬರುತ್ತದೆ ಅಂತ ಲೆಕ್ಕ ಹಾಕಿ. ವಿವಿಪ್ಯಾಟ್ ಹಿಂದಿನ ತಿರುಪು (ಪೇಪರ್ ರೋಲ್ ಲಾಕ್) ಅಡ್ಡ ಇದ್ದರೆ ಸಾಗಣೆಗೆ, ನೆಟ್ಟಗೆ ಇದ್ದರೆ ಕೆಲಸಕ್ಕೆ. ಕಂಟ್ರೋಲ್ ಯೂನಿಟ್ ಆಫ್ ಇರುವಾಗ ಮಾತ್ರ ಕೇಬಲ್ ಹಾಕಿ, ತೆಗೆಯಿರಿ.

ಬದಲಾವಣೆ ಹೀಗೆ: ಅಣಕು ವೇಳೆ ಕೆಟ್ಟದ್ದು ಮಾತ್ರ. ಮತದಾನದ ನಡುವೆ ವಿವಿಪ್ಯಾಟ್ ಕೆಟ್ಟರೆ ಅದೊಂದೇ, ಮತ್ತೆ ಅಣಕು ಬೇಡ. ಕಂಟ್ರೋಲ್ ಅಥವಾ ಬ್ಯಾಲೆಟ್ ಯೂನಿಟ್ ಕೆಟ್ಟರೆ ಮೂರೂ ಬದಲು, ನೋಟಾ ಸೇರಿ ಒಬ್ಬೊಬ್ಬರಿಗೆ ಒಂದೊಂದು ಅಣಕು ಮತ.

ಮೂಡಿಗೆರೆ ಟೀಚರ್:
ಚೀಟಿ ಅರ್ಧ ಮುದ್ರಣವಾಗಿ ನೇತಾಡುತ್ತಿದ್ದರೆ?

ತರೀಕೆರೆ ಮಾಸ್ಟರ್ ಟ್ರೈನರ್:
ಕೈ ಹಾಕಿ ಬೀಳಿಸಬೇಡಿ. ಚೀಟಿ ಕತ್ತರಿಸಿ ಬೀಳದಿದ್ದರೆ ಆ ಮತ ದಾಖಲಾಗಿಲ್ಲ. ವಿವಿಪ್ಯಾಟ್ ಬದಲಿಸಿ, ಅದೇ ಮತದಾರರಿಗೆ ಮತ್ತೆ ಹಾಕಲು ಬಿಡಿ. ಸಂಜೆ ಕ್ಲೋಸ್ ಒತ್ತಿ, ಟೋಟಲ್ ನೋಡಿ 17ಸಿ (ಬಿದ್ದ ಮತಗಳ ಲೆಕ್ಕದ ನಮೂನೆ) ತುಂಬಿಸಿ, ಏಜೆಂಟರಿಗೆ ಪ್ರತಿ ಕೊಡಿ. ಕಂಟ್ರೋಲ್ ಯೂನಿಟ್ ಆಫ್ ಮಾಡಿದ ಮೇಲೆ ವಿವಿಪ್ಯಾಟ್ ಬ್ಯಾಟರಿ ತೆಗೆದು, ತಿರುಪು ಅಡ್ಡ ಮಾಡಿಯೇ ಜೀಪು ಹತ್ತಿಸಿ. ಘಾಟಿ ರಸ್ತೆಯ ಕುಲುಕಾಟಕ್ಕೆ ಪೇಪರ್ ರೋಲ್ ಜರುಗದಿರಲಿ.