ಕೈ ಕೊಯ್ದರೆ ಹೊಲಿಗೆ ಬೇಕೇ, ಪಟ್ಟಿ ಸಾಕೇ?

ಪ್ರಶ್ನೆ:
ಒಡೆದ ಗಾಜು ತಗುಲಿ ಅಂಗೈಯೋ ಬೆರಳೋ ಕೊಯ್ದರೆ, ಹೊಲಿಗೆ ಬೇಕೋ ಬೇಡವೋ ಅಂತ ನೋಡಿ ಹೇಳೋದು ಹೇಗೆ? ರಾತ್ರಿ ಆದ ಗಾಯವನ್ನು ಬೆಳಿಗ್ಗೆ ತೋರಿಸಿದರೆ ತಡವಾಯಿತಾ?

ಉತ್ತರ 1:
ಮೊದಲು ರಕ್ತ ನಿಲ್ಲಲಿ. ಶುಭ್ರ ಬಟ್ಟೆ ಇಟ್ಟು 10–15 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಎಲ್ಲರೂ ಎಡವೋದು ಇಲ್ಲೇ: ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರುತ್ತೆ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಡಿ. ಗಾಜು ನೆಟ್ಟುಕೊಂಡಿದ್ದರೆ ಕೀಳಬೇಡಿ, ಅದರ ಅಕ್ಕಪಕ್ಕ ಒತ್ತಿ, ನೇರ ಆಸ್ಪತ್ರೆಗೆ ಹೋಗಿ.

ಏನೂ ನೆಟ್ಟಿಲ್ಲದಿದ್ದರೆ, ರಕ್ತ ನಿಂತ ಮೇಲೆ ನಲ್ಲಿ ನೀರಿನಲ್ಲಿ ಕೆಲವು ನಿಮಿಷ ಚೆನ್ನಾಗಿ ತೊಳೆಯಿರಿ. ಕುಡಿಯೋಕೆ ಯೋಗ್ಯವಾದ ನೀರು ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ, ಗಾಯ ಮಾಯಿಸೋ ಜೀವಕೋಶಗಳೂ ಸಾಯುತ್ತವೆ. ಅಂಚುಗಳು ಬಾಯಿ ಬಿಟ್ಟಿದ್ದರೆ, ಹಳದಿ ಕೊಬ್ಬು ಕಂಡರೆ, ಗಾಯ ಕೀಲಿನ ಮೇಲಿದ್ದರೆ, ಒತ್ತಿದರೂ ರಕ್ತ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಉತ್ತರ 2:
ಕೈಯ ವಿಷಯದಲ್ಲಿ ಗಾಯದ ಉದ್ದ ಏನೂ ಹೇಳಲ್ಲ. ಒಂದು ಸೆಂ.ಮೀ. ಗಾಯದ ಕೆಳಗೂ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸೋ ಹಗ್ಗದಂಥ ಭಾಗ) ತುಂಡಾಗಿರಬಹುದು. ಬೆರಳಿನ ಒಂದೊಂದು ಕೀಲನ್ನೂ ಬೇರೆಯಾಗಿ, ಎದುರಿನಿಂದ ತಡೆ ಕೊಟ್ಟು ಮಡಚಿಸಿ ನೋಡಬೇಕು. ಅರ್ಧ ಕತ್ತರಿಸಿದ ಸ್ನಾಯುರಜ್ಜು ಬೆರಳನ್ನು ಆಡಿಸುತ್ತೆ. ತಡೆದಾಗ ಮಾತ್ರ ನೋವು, ಬಲಹೀನತೆ ಗೊತ್ತಾಗುತ್ತೆ. ಬೆರಳ ತುದಿಯ ಎರಡೂ ಬದಿಯ ಸ್ಪರ್ಶವನ್ನು ಮರಗಟ್ಟಿಸುವ ಇಂಜೆಕ್ಷನ್‌ಗೆ ಮೊದಲೇ ಪರೀಕ್ಷಿಸಬೇಕು, ಆಮೇಲೆ ಪ್ರಯೋಜನವಿಲ್ಲ. ಗಾಜಾದರೆ ಎಕ್ಸ್‌-ರೇ ಕೇಳಿ: 2 ಮಿ.ಮೀ.ಗಿಂತ ದೊಡ್ಡ ಚೂರು ಬಹುಪಾಲು ಕಾಣುತ್ತೆ. ಮರದ ಸಿಬಿರು ಸಾಮಾನ್ಯವಾಗಿ ಕಾಣಲ್ಲ.

ಉತ್ತರ 3:
ಸಮಯದ ಬಗ್ಗೆ: ಆರು ಗಂಟೆ ದಾಟಿದರೆ ಹೊಲಿಯಲ್ಲ ಅನ್ನೋ ಹಳೇ ನಿಯಮ ಈಗ ಅಷ್ಟು ಬಿಗಿಯಾಗಿಲ್ಲ. ಕೊಳೆಯಿಲ್ಲದ ಗಾಯವನ್ನು 12 ಗಂಟೆಯ ನಂತರವೂ ಹೊಲಿಯುವುದುಂಟು. ರಕ್ತಸಂಚಾರ ಹೆಚ್ಚಿರುವ ಮುಖದಲ್ಲಿ 24 ಗಂಟೆಯವರೆಗೂ. ಹಾಗಂತ ಬೇಕೆಂದೇ ಕಾಯಬೇಡಿ. ಕೈಗೆ ಪ್ರಾಣಿ ಕಚ್ಚಿದ ಗಾಯವನ್ನು ಮಾತ್ರ ಸಾಮಾನ್ಯವಾಗಿ ತೆರೆದೇ ಬಿಡುತ್ತಾರೆ, ಒಳಗೆ ಕೀವು ಸೇರಿಕೊಳ್ಳಬಾರದು ಅಂತ.

ಟೆಟನಸ್ ಲಸಿಕೆಯ ಪೂರ್ತಿ ಕೋರ್ಸ್ ಆಗಿದ್ದರೂ ಕೊನೆಯ ಡೋಸ್ ಯಾವಾಗ ಅಂತ ನೆನಪಿಸಿಕೊಳ್ಳಿ. ಸಣ್ಣ, ಶುಭ್ರ ಗಾಯಕ್ಕೆ 10 ವರ್ಷ ಕಳೆದಿದ್ದರೆ, ಮಣ್ಣು ಹತ್ತಿದ್ದಕ್ಕೆ 5 ವರ್ಷ ಕಳೆದಿದ್ದರೆ ಇನ್ನೊಂದು ಬೇಕು.

ಪ್ರಶ್ನೆ ಕೇಳಿದವರು:
ಹೊಲಿಗೆ ಬದಲು ಅಂಟು ಹಾಕಿಸಬಹುದಾ? ಹೊಲಿಗೆ ಬಿಚ್ಚೋದು ಯಾವಾಗ?

ಉತ್ತರ 2:
ಅಂಟು ಎಳೆತವಿಲ್ಲದ ಕಡೆಗೆ ಸರಿ, ಅಂಗೈಗೂ ಕೀಲಿಗೂ ಅಲ್ಲ. ಹಾಕಿದ ಮೇಲೆ ಮುಲಾಮು ಹಚ್ಚಬೇಡಿ, ಅಂಟು ಕರಗುತ್ತೆ. ಹೊಲಿಗೆ ಮುಖದಲ್ಲಿ 3–5 ದಿನ, ತಲೆಗೆ 7–10, ಅಂಗೈ ಮತ್ತು ಕೀಲಿಗೆ 10–14. ಮುಖದಲ್ಲಿ ಹೆಚ್ಚು ದಿನ ಬಿಟ್ಟರೆ ದಾರದ ಗುರುತು ಉಳಿಯುತ್ತೆ. ಕೀಲಿನಲ್ಲಿ ಬೇಗ ಬಿಚ್ಚಿದರೆ ಗಾಯ ಮತ್ತೆ ಬಿರಿಯುತ್ತೆ.