ಎಂಎ ಮಾಡಿದರೆ ನೌಕರಿ ಸಿಗುತ್ತಾ? ಮಾನ್ವಿಯ ತಂಗಿಗೆ ಓದುಗರ ಸ್ಪಂದನ

ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಓದುಗರೊಬ್ಬರು ಕಳೆದ ವಾರ ತಮ್ಮ ಸಮಸ್ಯೆ ಬರೆದಿದ್ದರು. ಬಿಎ ಮುಗಿದಿದೆ. ಗ್ರಾಮ ಪಂಚಾಯ್ತಿಯಲ್ಲಿ ಡೇಟಾ ಎಂಟ್ರಿ ಆಪರೇಟರ್ ಕೆಲಸ. ಸಾರ್ವಜನಿಕ ಆಡಳಿತದಲ್ಲಿ ಎಂಎ ಮಾಡುವ ಆಸೆ. ಅಪ್ಪ ಬಿ.ಇಡಿ. ಮಾಡು ಅನ್ನುತ್ತಾರೆ. ಗೆಳತಿಯರು ಕೆಲಸ ಬಿಟ್ಟು ಧಾರವಾಡಕ್ಕೆ ಸರ್ಕಾರಿ ನೌಕರಿ ಪರೀಕ್ಷೆಯ ಕೋಚಿಂಗ್‌ಗೆ ಬಾ ಅನ್ನುತ್ತಾರೆ. ‘ಎಂಎ ಮಾಡಿದರೆ ನೌಕರಿ ಸಿಗುತ್ತಾ? ಸಿಗದಿದ್ದರೆ ಯಾಕೆ ಓದಬೇಕು?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಎಂಎ ಆಯ್ತು ಅಂತ ಯಾರೂ ಕರೆದು ನೌಕರಿ ಕೊಡುವುದಿಲ್ಲ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗಾಗಲಿ, ರಾಜ್ಯ ಆಡಳಿತ ಸೇವೆಯ ಕೆಎಎಸ್‌ಗಾಗಲಿ ಯಾವುದಾದರೂ ಒಂದು ಪದವಿ ಇದ್ದರೆ ಸಾಕು. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಮೊದಲು ಐಚ್ಛಿಕ ವಿಷಯ ಇತ್ತು, ಸಾರ್ವಜನಿಕ ಆಡಳಿತ ತಗೊಂಡವರು ಜಾಸ್ತಿ ಇದ್ದರು. ಈಗ ಐಚ್ಛಿಕ ವಿಷಯವನ್ನೇ ತೆಗೆದಿದ್ದಾರೆ. ಐಎಎಸ್‌ಗೆ ನಡೆಯುವ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಇನ್ನೂ ಇದೆ. 250 ಅಂಕದ ಎರಡು ಪತ್ರಿಕೆ, ಕನ್ನಡದಲ್ಲೇ ಬರೆಯಬಹುದು. ಆದರೆ ಅದಕ್ಕೂ ಎಂಎ ಬೇಕೇಬೇಕು ಅಂತೇನಿಲ್ಲ.

ಹಾಗಾದರೆ ಯಾಕೆ ಓದಬೇಕು? ನಾನು ಪಂಚಾಯ್ತಿ ಕೆಲಸದಲ್ಲಿ ಇದ್ದುಕೊಂಡೇ ಈ ಎಂಎ ಮಾಡಿದವನು. ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಲೆಬಸ್‌ನಲ್ಲಿ ಫ್ರೆಡ್ ರಿಗ್ಸ್ ಎಂಬ ಅಮೆರಿಕದ ವಿದ್ವಾಂಸ ಬರುತ್ತಾನೆ. ಥಾಯ್ಲೆಂಡ್, ಫಿಲಿಪೀನ್ಸ್‌ನಂಥ ದೇಶಗಳ ಆಡಳಿತ ನೋಡಿ 1960ರ ದಶಕದಲ್ಲಿ ಒಂದು ವಿಚಾರ ಬರೆದ. ಕಾಗದದ ಮೇಲಿನ ನಿಯಮ ಒಂದು, ನಡೆಯುವುದು ಇನ್ನೊಂದು, ಇವೆರಡರ ನಡುವಿನ ಅಂತರವನ್ನೇ ಅಳೆದು ನೋಡಬೇಕು ಅಂತ. ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಗ್ರಾಮಸಭೆ. ನೀವೂ ನೋಡಿರುತ್ತೀರಿ. ಜಮಖಾನೆ ಮೇಲೆ ಕೂತವರು ಬೆರಳೆಣಿಕೆ ಮಂದಿ. ಹಾಜರಿ ಪುಸ್ತಕ ಮಾತ್ರ ಸಹಿ, ಹೆಬ್ಬೆಟ್ಟಿನಿಂದ ತುಂಬಿರುತ್ತದೆ. ಸಂಜೆ ಹೊತ್ತಿಗೆ ಪುಸ್ತಕ ಮನೆಮನೆಗೆ ಹೋಗಿ ಬಂದಿರುತ್ತದೆ. ಕೋರಂ ಆಯ್ತು, ಠರಾವು ಪಾಸಾಯ್ತು. ಇದನ್ನು ದಿನಾ ನೋಡುವವರು ‘ಎಲ್ಲಾ ಕಡೆ ಹೀಗೇ’ ಅಂತ ಸುಮ್ನಾಗುತ್ತಾರೆ. ಓದಿದ ಮೇಲೆ ಸುಮ್ನಿರಲು ಆಗುವುದಿಲ್ಲ. ಸಭೆ ಇಟ್ಟ ಹೊತ್ತು ಯಾವುದು? ಕೂಲಿಗೆ ಹೋದ ಹೆಂಗಸರು ಆ ಹೊತ್ತಿಗೆ ಬರಲು ಆಗುತ್ತದಾ? ಡಂಗುರ ಯಾವ ಓಣಿಗೆ ಹೋಗಲಿಲ್ಲ? ಇಂಥ ಪ್ರಶ್ನೆ ಕೇಳುವ ಅಭ್ಯಾಸ ಬರುತ್ತದೆ. ಒಂದು ಸಲ ಸಭೆಯನ್ನು ಸಂಜೆಗೆ ಇಟ್ಟು ನೋಡಿದೆವು. ಹೆಂಗಸರು ಬಂದರು, ಕುಡಿಯುವ ನೀರಿನ ಮಾತು ಎತ್ತಿದರು, ಸಭೆ ಬೇಗ ಮುಗಿಯಲೇ ಇಲ್ಲ.

ಇನ್ನೊಬ್ಬ, ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್. ಕಚೇರಿ ಕೆಲಸ ಬಾಯಿಮಾತಿನಲ್ಲಿ ನಡೆಯಬಾರದು, ಬರಹದ ದಾಖಲೆಯ ಮೇಲೆ ನಡೆಯಬೇಕು ಅಂತ ಅವನು ಒತ್ತಿ ಹೇಳಿದ. ನಮ್ಮ ರಾಜ್ಯದ 2011ರ ಸಕಾಲ ಕಾಯ್ದೆ ಇಟ್ಟುಕೊಂಡು ಇದನ್ನು ನೋಡಿ. ಅರ್ಜಿ ಹಾಕಿದವರಿಗೆ ಒಂದು ನಂಬರು, ಒಂದು ಗಡುವು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಆ ನಂಬರು ಇಲ್ಲದಿದ್ದರೆ ಪಿಂಚಣಿ ಕೇಳಲು ಬಂದ ಅಜ್ಜಿ ‘ಸಾಹೇಬ್ರೇ, ನೋಡ್ರಿ’ ಅಂತ ಕೈಮುಗಿದು ನಿಲ್ಲಬೇಕು. ನಂಬರು ಇದ್ದರೆ ಚೀಟಿ ತೋರಿಸಿ ‘ಎಲ್ಲಿಗೆ ಬಂತು ನನ್ನ ಅರ್ಜಿ’ ಅಂತ ಕೇಳಬಹುದು. ಕಂಪ್ಯೂಟರ್ ಮುಂದೆ ಕೂತವರು ನೀವು. ಆ ಚೀಟಿ ಅಜ್ಜಿಯ ಕೈಗೆ ಸೇರುವುದು ನಿಮ್ಮಿಂದಲೇ ಅಲ್ವಾ?

ಕೆಲಸ ಬಿಡಬೇಡಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಈ ಎಂಎ ಇದೆ. ಇಗ್ನೋದಲ್ಲೂ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಇದೆ. ಅಲ್ಲಿ ಕಡಿಮೆ ಅಂದರೆ 2 ವರ್ಷ, ಹೆಚ್ಚೆಂದರೆ 4 ವರ್ಷ. ಆದರೆ ಅದರ ಪುಸ್ತಕಗಳು ಇಂಗ್ಲಿಷ್, ಹಿಂದಿಯಲ್ಲಿ ಬರುತ್ತವೆ. ಎಲ್ಲೇ ಸೇರಿದರೂ ದುಡ್ಡು ಕಟ್ಟುವ ಮುಂಚೆ ಆ ವರ್ಷ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ನೋಡಿ. ಏಜೆಂಟರ ಮಾತು ನಂಬಬೇಡಿ.

ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಮಾಡಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ಅದಕ್ಕೆ ಉಪವಿಭಾಗಾಧಿಕಾರಿಯ ಸಹಿ ಆಗಬೇಕು. ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೇ ಇವೆ. ಅಧಿಸೂಚನೆ ಬಂದ ಮೇಲೆ ಓಡಾಡುವವರನ್ನು ನಾನು ಪ್ರತಿ ಸಲ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ.

– ಪಿಡಿಒ, ಕೊಪ್ಪಳ ಜಿಲ್ಲೆ

*

ಮಗಳೇ, ಅಪ್ಪನ ಮಾತನ್ನು ತಳ್ಳಿಹಾಕಬೇಡ. ಬಿ.ಇಡಿ. ಅನ್ನುವುದರ ಹಿಂದೆ ಮಗಳು ಒಂದು ಕಡೆ ನೆಲೆ ನಿಲ್ಲಲಿ ಅನ್ನುವ ಕಾಳಜಿ ಇದೆ. ಆದರೆ ಒಂದು ವಿಷಯ ಅವರಿಗೂ ಗೊತ್ತಿರಲಿ. ನಮ್ಮ ಪಿಯು ಕಾಲೇಜುಗಳಲ್ಲಿ ಸಾರ್ವಜನಿಕ ಆಡಳಿತ ಅನ್ನುವ ಬೇರೆ ವಿಷಯ ಇಲ್ಲ, ರಾಜ್ಯಶಾಸ್ತ್ರ ಇದೆ. ಪಾಠ ಮಾಡುವ ಆಸೆ ನಿಜವಾಗಿ ಇದ್ದರೆ ರಾಜ್ಯಶಾಸ್ತ್ರದಲ್ಲಿ ಎಂಎ ಮಾಡು, ಜೊತೆಗೆ ಬಿ.ಇಡಿ. ಮಾಡು. ರಾಜ್ಯಶಾಸ್ತ್ರದ ಎಂಎಯಲ್ಲೂ ಸಾರ್ವಜನಿಕ ಆಡಳಿತದ ಪತ್ರಿಕೆ ಇರುತ್ತದೆ. ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದಿದ್ದು 2010ರಲ್ಲಿ. ರಾಯಚೂರಿನಲ್ಲೂ ಈಗ ವಿಶ್ವವಿದ್ಯಾಲಯ ಇದೆ. ನಮ್ಮ ಕಾಲದಲ್ಲಿ ಎಂಎಗೆ ಕಲಬುರಗಿಗೋ ಧಾರವಾಡಕ್ಕೋ ಟ್ರಂಕು ಹೊತ್ತುಕೊಂಡು ಹೋಗಬೇಕಿತ್ತು.

ಕಚೇರಿ ಕೆಲಸವೇ ಇಷ್ಟ ಅಂದರೆ ನಿನ್ನ ಆಯ್ಕೆ ಸರಿ ಇದೆ. ಅಪ್ಪನನ್ನು ಕೂರಿಸಿಕೊಂಡು ಇಷ್ಟನ್ನು ಬಿಡಿಸಿ ಹೇಳು. ಕೋಪ ಮಾಡಿಕೊಂಡು ಹೇಳಬೇಡ.

– ನಿವೃತ್ತ ಉಪನ್ಯಾಸಕಿ, ಬಳ್ಳಾರಿ

*

ಅಕ್ಕಾ, ನಾನು ಈಗ ಧಾರವಾಡದಲ್ಲೇ ಇದ್ದೇನೆ. ಕೋಚಿಂಗ್ ಕೆಟ್ಟದ್ದಲ್ಲ. ಓದುವವರ ಜೊತೆ ಇದ್ದರೆ ಓದು ಸಾಗುತ್ತದೆ. ಆದರೆ ಅಧಿಸೂಚನೆ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ರೂಮ್ ಬಾಡಿಗೆ ಮಾತ್ರ ಪ್ರತಿ ತಿಂಗಳು ಕಟ್ಟಬೇಕು. ಸಂವಿಧಾನ, ಪಂಚಾಯ್ತಿಗಳಿಗೆ ಅದರಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ, 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ ಎಲ್ಲಾ ಎಂಎಯಲ್ಲೂ ಓದಬೇಕು, ಪರೀಕ್ಷೆಗೂ ಓದಬೇಕು. ಊರಲ್ಲೇ ಇದ್ದು ಹಳೆ ಪ್ರಶ್ನೆಪತ್ರಿಕೆ ಬಿಡಿಸಲು ಶುರು ಮಾಡಿ. ಪರೀಕ್ಷೆ ದಿನಾಂಕ ಗೊತ್ತಾದ ಮೇಲೆ ಬೇಕಿದ್ದರೆ ಇಲ್ಲಿಗೆ ಬನ್ನಿ.

– ವಿದ್ಯಾರ್ಥಿನಿ, ಊರು ಸಿಂಧನೂರು

*

ತಂಗೆವ್ವಾ, ನಾನು ಎಂಎ ಓದಿದವನಲ್ಲ, ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಮ್ಮ ಹೊಲ. ನಿಮ್ಮೂರೂ ಅದೇ ಕಡೆ ಅಂತ ಕಾಣುತ್ತದೆ. ಓದುವುದಾದರೆ ನಮ್ಮ ನೀರಿನ ಬಗ್ಗೆ ಓದಿ ಅಂತ ಕೇಳಲು ಬರೆಯುತ್ತಿದ್ದೇನೆ.

ಒಂದು ಕಾಲುವೆಯ ಹಿಂದೆ ಎಷ್ಟು ಕಚೇರಿ ಇವೆ ನೋಡಿ. ಅಣೆಕಟ್ಟು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ಅದರ ನೀರಿನಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಪಾಲು. ನಮ್ಮ ಕಾಲುವೆಗೆ ಯಾವತ್ತಿಂದ ಯಾವತ್ತಿನವರೆಗೆ ನೀರು ಅಂತ ಹೇಳುವುದು ನೀರಾವರಿ ಸಲಹಾ ಸಮಿತಿ. ಬಿಡುವವರು ಎಂಜಿನಿಯರುಗಳು. ಕೆಳಗೆ ಹಂಚಿಕೊಳ್ಳಬೇಕಾದವರು ನೀರು ಬಳಕೆದಾರರ ಸಂಘದವರು. ಮೇಲ್ಭಾಗದಲ್ಲಿ ಪಂಪ್‌ಸೆಟ್ ಹಚ್ಚಿ ನೀರು ಎಳೆದರೆ ತಡೆಯಲು ಪೊಲೀಸರು ಬರಬೇಕು, ಕರೆಂಟಿನವರು ಬರಬೇಕು, ತಹಶೀಲ್ದಾರರು ಬರಬೇಕು. ಇಷ್ಟು ಜನ ಇದ್ದೂ ಕಾಲುವೆಯ ಗೇಜ್ (ನೀರಿನ ಮಟ್ಟ) ಇಳಿದಾಗ ನಾವು ರಸ್ತೆ ಮೇಲೆ ಕೂರಬೇಕಾಗುತ್ತದೆ. ಭತ್ತ ಹೊಡೆ ಹಾಯುವ ಹೊತ್ತಿಗೆ ಒಂದು ವಾರ ನೀರು ತಪ್ಪಿದರೆ ಬೆಳೆ ಜೊಳ್ಳು. ಯಾರನ್ನು ಕೇಳಿದರೂ ‘ನಮ್ಮ ಕೈಲಿಲ್ಲ’ ಅನ್ನುತ್ತಾರೆ. ಯಾರ ಕೈಲಿದೆ ಅಂತ ಒಬ್ಬರಾದರೂ ಕೂತು ಬರೆದು ತೋರಿಸಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಕೊಂಡು ಹೋಯಿತು. ಬೇರೆ ಗೇಟು ಕೂರಿಸಲಿಕ್ಕೆ ಅಂತ, ಅಣೆಕಟ್ಟಿನಲ್ಲಿ ಕೂಡಿಟ್ಟ ನೀರನ್ನೇ ಹೊಳೆಗೆ ಬಿಡಬೇಕಾಯಿತು. ಆ ವಾರ ನಾವು ನಿದ್ದೆ ಮಾಡಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು, ಅದು ದೊಡ್ಡ ಕೆಲಸ, ಅವರಿಗೆ ಕೈಮುಗಿಯುತ್ತೇನೆ. ಆದರೆ ನಿರ್ವಹಣೆ ಯಾರದು, ವರದಿ ಯಾರಿಗೆ ಹೋಗುತ್ತದೆ, ದುಡ್ಡು ಯಾರು ಕೊಡಬೇಕು ಅನ್ನುವುದು ನಿಮ್ಮ ವಿಷಯದ ಒಳಗೇ ಬರುತ್ತದೆ ಅಲ್ವಾ?

ಎಂಎಯಲ್ಲಿ ಪ್ರಾಜೆಕ್ಟ್ ಇದ್ದರೆ ಇದನ್ನೇ ತಗೊಳ್ಳಿ. ಇಲ್ಲದಿದ್ದರೂ ಬರೆಯಿರಿ. ಇಲಾಖೆಯ ಕಾಗದ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ಸಂಘದ ಹಳೆಯ ಠರಾವು ಪುಸ್ತಕಗಳು, ನಾವು ಕೊಟ್ಟ ಮನವಿಗಳ ನಕಲು ನನ್ನ ಹತ್ತಿರ ಇವೆ. ಅಪ್ಪನನ್ನೂ ಕರೆದುಕೊಂಡು ಒಂದು ಭಾನುವಾರ ಬನ್ನಿ, ಎಲ್ಲಾ ತೆಗೆದಿಡುತ್ತೇನೆ.

– ರೈತ, ಸಿರವಾರ ತಾಲ್ಲೂಕು